ವಾಗ್ದಂಡನೆ ಎಂದರೆ ಪದಚ್ಯುತಿಯಲ್ಲ

ಅಮೆರಿಕದ ಡೊನಾಲ್ಡ್ ಟ್ರಂಪ್ 2019ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ವಾಗ್ದಂಡನೆಗೆ (ಇಂಪೀಚ್‌ಮೆಂಟ್) ಒಳಗಾದರು. ಹಾಗಿದ್ದರೂ ಅವರು ಮತ್ತೆ ಅಧ್ಯಕ್ಷರಾದದ್ದು ಹೇಗೆ ಎಂದು ಕಾನೂನು ಓದಿದವರೂ ನನ್ನನ್ನು ಕೇಳುತ್ತಾರೆ. ತಪ್ಪು ಅವರದಲ್ಲ. ‘ದಂಡನೆ’ ಎಂಬುದು ಕಿವಿಗೆ ಬಿದ್ದರೆ ಶಿಕ್ಷೆ ಮುಗಿಯಿತೆಂದೇ ಅನ್ನಿಸುತ್ತದೆ. ಆದರೆ ಅಲ್ಲಿ ನಡೆದದ್ದು ಆರೋಪ ಹೊರಿಸುವ ಕೆಲಸ ಮಾತ್ರ. ಕೆಳಮನೆ ಆರೋಪ ಹೊರಿಸುತ್ತದೆ, ಮೇಲ್ಮನೆಯಾದ ಸೆನೆಟ್ ವಿಚಾರಣೆ ನಡೆಸುತ್ತದೆ. ಪದಚ್ಯುತಿಗೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಒಂದೇ ಒಂದು ಮತದ ಕೊರತೆಯಿಂದ ಪಾರಾದರು. ಕ್ಲಿಂಟನ್ ಮತ್ತು ಟ್ರಂಪ್ ಅವರನ್ನೂ ಸೆನೆಟ್ ದೋಷಮುಕ್ತಗೊಳಿಸಿತು. ನಿಕ್ಸನ್ 1974ರಲ್ಲಿ ಕೆಳಮನೆಯ ಮತದಾನಕ್ಕೆ ಮೊದಲೇ ರಾಜೀನಾಮೆ ಕೊಟ್ಟಿದ್ದರಿಂದ ಅವರಿಗೆ ವಾಗ್ದಂಡನೆ ಆಗಲೇ ಇಲ್ಲ.

ಹೀಗಾಗಿ ನನಗೆ ‘ವಾಗ್ದಂಡನೆ’ಗಿಂತ ‘ಮಹಾಭಿಯೋಗ’ ಎಂಬ ಪದವೇ ಹೆಚ್ಚು ಸರಿಯೆನಿಸುತ್ತದೆ. ಅಭಿಯೋಗವೆಂದರೆ ಆರೋಪ, ತೀರ್ಪಲ್ಲ.

ನಮ್ಮ ಸಂವಿಧಾನದ 61ನೇ ವಿಧಿ ರಾಷ್ಟ್ರಪತಿಯ ಮೇಲೆ ಈ ಕ್ರಮಕ್ಕೆ ಒಂದೇ ಕಾರಣವನ್ನು ಒಪ್ಪುತ್ತದೆ: ಸಂವಿಧಾನದ ಉಲ್ಲಂಘನೆ. ಯಾವುದಾದರೂ ಒಂದು ಸದನದ ಒಟ್ಟು ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಒಂದರಷ್ಟು ಮಂದಿ ಸಹಿ ಹಾಕಿ 14 ದಿನಗಳ ನೋಟಿಸ್ ಕೊಡಬೇಕು. ಆ ಸದನ ಮೂರನೇ ಎರಡರಷ್ಟು ಬಹುಮತದಿಂದ ಆರೋಪ ಹೊರಿಸಿದರೆ ಇನ್ನೊಂದು ಸದನ ತನಿಖೆ ಮಾಡುತ್ತದೆ. ಅಲ್ಲಿ ಹಾಜರಾಗುವ, ವಕೀಲರನ್ನಿಡುವ ಹಕ್ಕು ರಾಷ್ಟ್ರಪತಿಗಿದೆ. ಆರೋಪ ಸಾಬೀತಾಯಿತೆಂಬ ನಿರ್ಣಯಕ್ಕೂ ಅಷ್ಟೇ ಬಹುಮತ ಬೇಕು. ಬಂದವರ ಲೆಕ್ಕವಲ್ಲ, ಸದನದ ಒಟ್ಟು ಸದಸ್ಯಬಲದ ಲೆಕ್ಕ. 543 ಸ್ಥಾನಗಳ ಲೋಕಸಭೆಯಲ್ಲಿ 362 ಮತ. ಈವರೆಗೆ ಯಾವ ರಾಷ್ಟ್ರಪತಿಯೂ ಇದಕ್ಕೆ ಒಳಗಾಗಿಲ್ಲ.

ಒಂದು ವಿಚಿತ್ರ ಹಲವರ ಕಣ್ಣಿಗೆ ಬಿದ್ದಿಲ್ಲ. ರಾಷ್ಟ್ರಪತಿಯ ಆಯ್ಕೆಯಲ್ಲಿ ನಮ್ಮ ವಿಧಾನಸಭೆಯ 224 ಶಾಸಕರೂ ಮತ ಹಾಕುತ್ತಾರೆ, ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಿಗೆ ಮತವಿಲ್ಲ. ಕೆಳಗಿಳಿಸುವಾಗ ನಾಮನಿರ್ದೇಶಿತರಿಗೆ ಮತವಿದೆ, ಶಾಸಕರಿಗೆ ಇಲ್ಲ. ಒಕ್ಕೂಟ ವ್ಯವಸ್ಥೆಯಲ್ಲಿ ಇದು ಸಣ್ಣ ಕೊರತೆಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನ್ಯಾಯಮೂರ್ತಿಗಳ ಸುದ್ದಿಯಲ್ಲೂ ಪತ್ರಿಕೆಗಳು ವಾಗ್ದಂಡನೆ ಎಂದೇ ಬರೆಯುತ್ತವೆ. ಸಂವಿಧಾನ ‘ಇಂಪೀಚ್‌ಮೆಂಟ್’ ಎಂಬ ಪದವನ್ನು ರಾಷ್ಟ್ರಪತಿಗೆ ಮೀಸಲಿಟ್ಟಿದೆ. ನ್ಯಾಯಮೂರ್ತಿಗಳ ಬಗ್ಗೆ 124ನೇ ವಿಧಿ ಹೇಳುವುದು ಪದಚ್ಯುತಿ ಎಂದಷ್ಟೆ. ಅಲ್ಲಿನ ಕಾರಣ ಸಾಬೀತಾದ ದುರ್ವರ್ತನೆ ಅಥವಾ ಅಸಾಮರ್ಥ್ಯ, ಬಹುಮತದ ಲೆಕ್ಕವೂ ಬೇರೆ. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧ ಲೋಕಸಭೆಯಲ್ಲಿ ಬಿದ್ದುಹೋದದ್ದು ಇಂಥ ಪದಚ್ಯುತಿ ನಿರ್ಣಯವೇ.