ಒರಗಿಸಿಟ್ಟ ಕಲ್ಲಿನ ಲೆಕ್ಕ

ಬೆಂಗಳೂರಿನ ಬಳಿಯ ಜಿಗಣಿಯ ಕಡೆಯ ಗ್ರಾನೈಟ್ ಅಂಗಡಿಗಳಲ್ಲಿ ಆಳೆತ್ತರದ ಚಪ್ಪಡಿಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಒಂದರ ಮೇಲೊಂದು ಒರಗಿಸಿ ನಿಲ್ಲಿಸಿರುತ್ತಾರೆ. ‘ಹಿಂದಿನದನ್ನು ತೋರಿಸಿ’ ಎಂದು ಗಿರಾಕಿ ಕೇಳಿದರೆ, ಕೆಲವೆಡೆ ಇಬ್ಬರು ಕೆಲಸಗಾರರು ಮುಂದಿನ ಮೂರು ನಾಲ್ಕು ಚಪ್ಪಡಿಗಳನ್ನು ತಮ್ಮತ್ತ ಬಾಗಿಸಿಕೊಂಡು, ಅಂಗೈ ಮತ್ತು ಎದೆಯ ಬಲದಿಂದ ಹಿಡಿದು ನಿಲ್ಲುವುದುಂಟು. ಕಟ್ಟಡ ಸಾಮಗ್ರಿಯ ಅಂಗಡಿಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಕೆಲಸ ಇದೇ. ಅದರ ಕಾರಣ ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಆಚೆಗೇನೂ ಇಲ್ಲ.

3 ಮೀಟರ್ ಉದ್ದ, 1.8 ಮೀಟರ್ ಎತ್ತರ, 18 ಮಿಲಿಮೀಟರ್ ದಪ್ಪದ ಚಪ್ಪಡಿಯೊಂದು, ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ 2,700 ಕಿಲೋ ಎಂದು ಹಿಡಿದರೆ, ಸುಮಾರು 260 ಕಿಲೋ ತೂಗುತ್ತದೆ. ಅದರ ಬುಡದ ಅಗಲ ಎರಡು ಸೆಂಟಿಮೀಟರೂ ಇಲ್ಲದ ಕಾರಣ, ನೆಟ್ಟಗೆ ನಿಂತ ಕಲ್ಲು ಅರ್ಧ ಡಿಗ್ರಿಗೆ ತುಸು ಹೆಚ್ಚು ವಾಲಿದರೂ ಅದರ ಗುರುತ್ವ ಕೇಂದ್ರ ಬುಡವನ್ನು ದಾಟುತ್ತದೆ. 10 ಡಿಗ್ರಿ ಹಿಂದಕ್ಕೆ ಒರಗಿದ್ದರೆ ಮೇಲಂಚನ್ನು ಮುಂದಕ್ಕೆ ಎಳೆಯಲು ಸುಮಾರು 24 ಕಿಲೋ ತೂಕದಷ್ಟು ಬಲ ಬೇಕು. 3 ಡಿಗ್ರಿಯಷ್ಟೇ ಒರಗಿದ್ದರೆ 8 ಕಿಲೋ ಸಾಕು, ಅಂದರೆ ಆಯ ತಪ್ಪಿದವನೊಬ್ಬ ಅಂಚನ್ನು ಹಿಡಿದುಕೊಂಡರೂ ಆಯಿತು. ಇನ್ನು ನಾಲ್ಕು ಚಪ್ಪಡಿಗಳು ಒಟ್ಟಿಗೆ ಲಂಬ ರೇಖೆಯನ್ನು ದಾಟಿ 10 ಡಿಗ್ರಿ ಮುಂದೆ ಬಂದರೆ, ಮೇಲಂಚಿನಲ್ಲಿ ತಡೆಯುವವರ ಮೇಲೆ 90 ಕಿಲೋದಷ್ಟು ಭಾರ ಬೀಳುತ್ತದೆ, 20 ಡಿಗ್ರಿಗೆ ಅದರ ಇಮ್ಮಡಿ. ಕೈ ಸೋತಷ್ಟೂ ಭಾರ ಹೆಚ್ಚುತ್ತಲೇ ಹೋಗುವುದರಿಂದ, ಒಮ್ಮೆ ಜಾರಿದ ಹಿಡಿತವನ್ನು ಮರಳಿ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು.

ಅಪಾಯದ ಮೌಲ್ಯಮಾಪನವೆಂದರೆ ಅವಘಡ ಎಷ್ಟು ಸಲ ಆಗಬಹುದು, ಆದಾಗ ಎಷ್ಟು ಘೋರವಾಗಿರುತ್ತದೆ ಎಂಬ ಎರಡನ್ನೂ ಕೂಡಿಸಿ ನೋಡುವುದು. ಕೈ ತರಚುವುದು ದಿನನಿತ್ಯದ ಮಾತು. ಚಪ್ಪಡಿ ಉರುಳುವುದು ಅಪರೂಪ, ಆದರೆ ಉರುಳಿದಾಗ ಹೆಲ್ಮೆಟ್ ಆಗಲಿ ಬೂಟು ಆಗಲಿ ಕಾಯಲಾರದು. ಆದ್ದರಿಂದ ರಕ್ಷಣಾ ಸಲಕರಣೆಗಿಂತ ಮೊದಲು ಕೆಲಸದ ರೀತಿಯೇ ಬದಲಾಗಬೇಕು: ಚಪ್ಪಡಿಗಳ ನಡುನಡುವೆ ಉಕ್ಕಿನ ಗೂಟಗಳಿರುವ ಸ್ಟ್ಯಾಂಡು, ಒಂದೊಂದನ್ನೇ ಕ್ಲ್ಯಾಂಪಿನಿಂದ ಎತ್ತುವ ಕ್ರೇನು, ಗಿರಾಕಿಗೆ ಕಲ್ಲು ಬೀಳಬಹುದಾದ ಜಾಗದಿಂದ ದೂರದಲ್ಲಿ ಎಳೆದ ಗೆರೆ. ಎರಡು ಬದಿಯ ಸ್ಟ್ಯಾಂಡಿನಲ್ಲಿ ಒಂದೇ ಬದಿಯ ಕಲ್ಲು ಖಾಲಿಯಾಗುತ್ತ ಹೋದರೆ ಸ್ಟ್ಯಾಂಡೇ ಮಗುಚಬಹುದು ಎಂಬುದು ಅವಸರದ ದಿನಗಳಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಪಕ್ಕದ ಸಿಮೆಂಟ್ ಗೋದಾಮಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 50 ಕಿಲೋದ ಚೀಲಗಳನ್ನು 10ಕ್ಕಿಂತ ಎತ್ತರ ಪೇರಿಸಬಾರದು, 8 ದಾಟಿದರೆ ಉದ್ದುದ್ದ ಮತ್ತು ಅಡ್ಡಡ್ಡ ಸಾಲುಗಳನ್ನು ಹೆಣೆದಂತೆ ಇಡಬೇಕು ಎಂದು ಕಟ್ಟಡ ಸಾಮಗ್ರಿಯನ್ನು ಪೇರಿಸಿಡುವ ಬಗೆಗಿನ ಭಾರತೀಯ ಮಾನಕ 4082 (IS 4082) ಹೇಳುತ್ತದೆ. ಹಾಗೆ ಹೆಣೆದ ಅಟ್ಟಿಯನ್ನೂ ಮೇಲಿನಿಂದ ಸಾಲುಸಾಲಾಗಿ ಇಳಿಸದೆ, ಕೈಗೆ ಎಟುಕುವ ಮುಂದಿನ ಚೀಲಗಳನ್ನಷ್ಟೇ ಎಳೆಯುತ್ತ ಹೋದರೆ, ಹಿಂದೆ ಉಳಿಯುವುದು ಆಸರೆಯಿಲ್ಲದ ಆಳೆತ್ತರದ ಗೋಡೆ.