ಪಾರ್ಶ್ವವಾಯುವಿನ ನಂತರ: ಬೆಳಕು ತೋರಿಸುವ ರಕ್ತದ ಹರಿವು, ಆಮ್ಲಜನಕ

ಪಾರ್ಶ್ವವಾಯುವಾದ ರೋಗಿಗೆ ಮೊದಲು ಸಿಟಿ ಅಥವಾ ಎಂಆರ್‌ಐ ಆಗಲೇಬೇಕು; ಆಗಿರುವುದು ರಕ್ತಸ್ರಾವವೋ, ರಕ್ತನಾಳ ಕಟ್ಟಿಕೊಂಡಿರುವುದೋ ಎಂಬುದು ಅದರಿಂದಲೇ ತಿಳಿಯಬೇಕು. ಆದರೆ ಸ್ಕ್ಯಾನ್ ತೋರಿಸುವುದು ಆ ಕ್ಷಣದ ಸ್ಥಿತಿಯನ್ನು ಮಾತ್ರ. ರಕ್ತದೊತ್ತಡ ಏರಿಳಿಯುವ ಮೊದಲ ರಾತ್ರಿಯಲ್ಲಿ ಮಿದುಳಿಗೆ ಎಷ್ಟು ರಕ್ತ ತಲುಪುತ್ತಿದೆ ಎಂದು ತಿಳಿಯಲು ರೋಗಿಯನ್ನು ಗಂಟೆಗೊಮ್ಮೆ ಸ್ಕ್ಯಾನಿಗೆ ಒಯ್ಯಲಾಗದು. ಹಾಸಿಗೆಯ ಪಕ್ಕದಲ್ಲೇ ನಡೆಯುವ ಬೆಳಕಿನ ಪರೀಕ್ಷೆ ಉಪಯೋಗಕ್ಕೆ ಬರಬಹುದಾದದ್ದು ಇಲ್ಲಿ.

ಕತ್ತಲಲ್ಲಿ ಟಾರ್ಚಿಗೆ ಅಂಗೈ ಮುಚ್ಚಿದರೆ ಬೆರಳ ಸಂದಿ ಕೆಂಪಗೆ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದ ಬೆಳಕು ಚರ್ಮ, ಮೂಳೆಗಳನ್ನು ದಾಟಿ ಒಂದಿಷ್ಟು ಒಳಗೆ ಹೋಗಬಲ್ಲದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಮರಳಿ ಬಂದ ಬೆಳಕಿನಿಂದ ಅವುಗಳ ಪಾಲನ್ನು ಲೆಕ್ಕ ಹಾಕಬಹುದು. 1977ರಲ್ಲಿ ಫ್ರಾನ್ಸ್ ಯೊಬ್ಸಿಸ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಹರಿವಿನ ಅಳತೆಗೆ ಲೇಸರ್ ಬೇಕು. ಅಂಗಾಂಶದಲ್ಲಿ ಚದುರಿ ಹೊರಬರುವ ಲೇಸರ್ ಬೆಳಕಿನ ಚುಕ್ಕೆಗಳು ಕೆಂಪು ರಕ್ತಕಣಗಳ ಚಲನೆಗೆ ತಕ್ಕಂತೆ ಮಿನುಗುತ್ತವೆ. ಮಿನುಗು ಚುರುಕಾದಷ್ಟೂ ಹರಿವು ಹೆಚ್ಚು.

ಈ ಎರಡು ಅಳತೆಗಳನ್ನು ಜೊತೆಗಿಟ್ಟೇ ಓದಬೇಕೆಂದು ನಾನು ಕಿರಿಯ ವೈದ್ಯರಿಗೆ ಪದೇ ಪದೇ ಹೇಳುತ್ತೇನೆ. ಆರೋಗ್ಯವಂತ ಮಿದುಳಿನ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ತಕ್ಷಣ ಸಾಯುವುದಿಲ್ಲ; ಬಂದಷ್ಟು ರಕ್ತದಿಂದಲೇ ಆಮ್ಲಜನಕವನ್ನು ಹಿಂಡಿಕೊಂಡು ಉಳಿದಿರುತ್ತವೆ. ಅಲ್ಲಿ ಹರಿವೂ ಕಡಿಮೆ, ಆಮ್ಲಜನಕದ ಅಂಕಿಯೂ ಕಡಿಮೆ. ಉಳಿಸಿಕೊಳ್ಳಬಹುದಾದ ಭಾಗವೆಂದರೆ ಅದೇ. ಇದಕ್ಕೆ ವ್ಯತಿರಿಕ್ತವಾಗಿ, ಆಗಲೇ ಸತ್ತ ಭಾಗಕ್ಕೆ ರಕ್ತನಾಳ ಮತ್ತೆ ತೆರೆದುಕೊಂಡರೆ ರಕ್ತ ಧಾರಾಳವಾಗಿ ಹರಿದರೂ ಆಮ್ಲಜನಕವನ್ನು ಬಳಸುವವರಿಲ್ಲ, ಒಣಗಿದ ಪೈರಿನ ಗದ್ದೆಗೆ ಕಾಲುವೆ ಬಿಟ್ಟ ಹಾಗೆ. ಪರದೆಯ ಮೇಲೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ಆ ಅಂಕಿ ನೋಡಿ ಸಮಾಧಾನಪಟ್ಟುಕೊಂಡರೆ ಮೋಸಹೋದಂತೆ.

ಕೆಲಸದ ತೊಡಕುಗಳೂ ಇವೆ. ಕಪ್ಪು, ದಟ್ಟ ಕೂದಲು ಬೆಳಕನ್ನು ನುಂಗುವುದರಿಂದ ಬಾಚಣಿಗೆಯ ಹಿಡಿಯಿಂದ ಬೈತಲೆ ತೆಗೆದಂತೆ ಕೂದಲು ಸರಿಸಿ, ಎಣ್ಣೆ ಒರೆಸಿ, ಸಂವೇದಕವನ್ನು ನೆತ್ತಿಚರ್ಮಕ್ಕೆ ಒತ್ತಿ, ಮೇಲೆ ಕಪ್ಪು ಬಟ್ಟೆ ಕಟ್ಟಬೇಕು. ಅನೇಕ ಸಲ ಹಣೆಯೇ ಗತಿ; ಆದರೆ ಪೆಟ್ಟು ಬಿದ್ದಿರುವ ಭಾಗ ಅಲ್ಲಿರಬೇಕೆಂದೇನೂ ಇಲ್ಲ. ಬೆಳಕಿನ ಮೂಲಕ್ಕೂ ಸಂವೇದಕಕ್ಕೂ ಮೂರು ಸೆಂಟಿಮೀಟರ್ ಅಂತರವಿಟ್ಟರೂ ಕಾಣುವುದು ಮಿದುಳಿನ ಹೊರಪದರವಷ್ಟೇ. ಆಳದಲ್ಲಿರುವ ಮಿದುಳುಕಾಂಡದ ಪಾರ್ಶ್ವವಾಯು ಇದಕ್ಕೆ ಸಿಕ್ಕುವುದಿಲ್ಲ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ಇಂಥದ್ದೇ ಬೆಳಕಿನ ಅಳತೆಯಿಂದ ನಡೆಸಿ 2009ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ರೋಗಿಯ ತಲೆಯನ್ನು ಇಳಿಸಿ ಚಪ್ಪಟೆಯಾಗಿ ಮಲಗಿಸಿದಾಗ ಹೆಚ್ಚಿನವರಲ್ಲಿ ಪೆಟ್ಟಾದ ಬದಿಗೆ ರಕ್ತದ ಹರಿವು ಹೆಚ್ಚಿತು, ಸುಮಾರು ಕಾಲು ಭಾಗದಷ್ಟು ಜನರಲ್ಲಿ ಮಾತ್ರ ತಗ್ಗಿತು. ಮುಂದೆ 2017ರಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಹೆಡ್‌ಪೋಸ್ಟ್ ಎಂಬ ಪ್ರಯೋಗವು ಎಲ್ಲರನ್ನೂ ಚಪ್ಪಟೆಯಾಗಿ ಮಲಗಿಸುವುದರಿಂದ ಲಾಭವಿಲ್ಲವೆಂದು ಹೇಳಿತು. ನನಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಆ ಕಾಲು ಭಾಗದವರು ಯಾರೆಂಬುದು ದಿಂಬು ತೆಗೆಯುವ ಮುನ್ನ ಹೊರನೋಟಕ್ಕೆ ತಿಳಿಯುವಂಥದ್ದಲ್ಲ. ತಲೆಗೆ ಕಟ್ಟಿದ ಸಂವೇದಕವಾದರೆ ಕೆಲವೇ ನಿಮಿಷಗಳಲ್ಲಿ ತೋರಿಸಬಲ್ಲದು.