ತೋಟದ ಹಳೆ ಪಿಕಪ್‌ಗೆ ಯಾವ ಕಾರ್ಬೊರೇಟರ್?

ಕೊಡಗಿನ ತೋಟಗಳಲ್ಲಿದ್ದ ಪೆಟ್ರೋಲ್ ಜೀಪ್ ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಎಂದೋ ಡೀಸೆಲ್ ಇಂಜಿನ್ ಕೂರಿಸಿಯಾಗಿದೆ. ಪೆಟ್ರೋಲ್ ಇಂಜಿನ್ ಉಳಿಸಿಕೊಂಡವು ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ನಿಂತಿವೆ. ಈಗ ಅವಕ್ಕೆ ಮತ್ತೆ ಬೆಲೆ ಬಂದಿದೆ. ಬೆಂಗಳೂರಿನಿಂದ ತೋಟಕ್ಕೆ ವಾಪಸ್ ಬಂದ ಹುಡುಗರು ಅಜ್ಜನ ಗಾಡಿಯನ್ನು ಪೆಟ್ರೋಲ್‌ನಲ್ಲೇ ಓಡಿಸಬೇಕು ಅಂತಾರೆ. ಗ್ಯಾರೇಜಿಗೆ ಬಂದ ಕೂಡಲೇ ಕೇಳುವ ಮಾತು ಮಾತ್ರ ಹೆಚ್ಚುಕಮ್ಮಿ ಒಂದೇ. "ಅಣ್ಣ, ಈ ಹಳೇ ಸೋಲೆಕ್ಸ್ ತೆಗೆದು ದೊಡ್ಡ ಕಾರ್ಬೊರೇಟರ್ ಹಾಕಿಬಿಡೋಣ. ಎಳೆತ ಜಾಸ್ತಿ ಆಗುತ್ತೆ ಅಲ್ವಾ?"

ಆಗಲ್ಲ. ಕಾರ್ಬೊರೇಟರ್ ಅಂದರೆ ಇಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಸೋಲೆಕ್ಸ್ ಅದರ ಒಂದು ಬ್ರ್ಯಾಂಡ್. ದೊಡ್ಡದು ಯಾಕೆ ಬೇಡ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಹರಿಕೇನ್ ಇಂಜಿನ್, 2199 ಸಿಸಿ. ನಾಲ್ಕು ಸ್ಟ್ರೋಕ್ ಇಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ಪೂರ್ತಿ ತುಂಬುವುದಿಲ್ಲ, ನೂರಕ್ಕೆ 80 ಪಾಲು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 4000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4000 ಸುತ್ತಿನಲ್ಲಿ, ಅದಕ್ಕೆ ನಿಮಿಷಕ್ಕೆ ಸುಮಾರು 3500 ಲೀಟರ್ ಗಾಳಿ ಸಾಕು. ಆದರೆ ತೋಟದ ಗಾಡಿ 4000ಕ್ಕೆ ಹೋಗುವುದು ಯಾವಾಗ? ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಇಂಜಿನ್ 1500ರ ಆಸುಪಾಸಿನಲ್ಲಿ ಇರುತ್ತದೆ. ಆಗ ಅದು ಎಳೆಯುವುದು ಬರೀ 1300 ಲೀಟರ್.

ಕಾರ್ಬೊರೇಟರ್ ಒಳಗೆ ಪೆಟ್ರೋಲನ್ನು ಮೇಲೆತ್ತುವುದು ಗಾಳಿಯ ವೇಗ. ಒಲೆ ಊದುವ ಊದುಗೊಳವೆ ಸಣ್ಣಗಿದ್ದಷ್ಟೂ ಗಾಳಿ ರಭಸವಾಗಿ ಬರುವ ಹಾಗೆ, ನಡುವಿನ ಕಿರಿದಾದ ಭಾಗದಲ್ಲಿ ಗಾಳಿ ಓಡುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಜೆಟ್ ಅನ್ನುವ ಸಣ್ಣ ರಂಧ್ರದಿಂದ ಪೆಟ್ರೋಲ್ ಎದ್ದು ಬರುತ್ತದೆ. ಆ ಕಿರಿದಾದ ಭಾಗಕ್ಕೆ ವೆಂಚುರಿ ಅಂತಾರೆ. ವೆಂಚುರಿ 26 ಮಿಲಿಮೀಟರ್ ಇದ್ದರೆ 1500 ಆರ್‌ಪಿಎಂನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ಹೋಗುತ್ತದೆ. 32 ಮಿಲಿಮೀಟರ್ ಮಾಡಿದಿರಿ ಅಂದರೆ ಅದೇ ಗಾಳಿ 27 ಮೀಟರ್‌ಗೆ ಇಳಿಯುತ್ತದೆ. ಹೀರುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಪೆಟ್ರೋಲ್ ಹನಿ ದಪ್ಪಗಾಗುತ್ತದೆ, ಸರಿಯಾಗಿ ಬೆರೆಯುವುದಿಲ್ಲ. ಏರಿನ ಮಧ್ಯದಲ್ಲಿ ಆಕ್ಸಿಲೇಟರ್ ಒತ್ತಿದರೆ ಇಂಜಿನ್ ಒಮ್ಮೆ ಬಿಕ್ಕಿ ಆಮೇಲೆ ಏಳುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ದೊಡ್ಡದರಿಂದ ಲಾಭ ಇರುವುದು ಮೇಲಿನ ಆರ್‌ಪಿಎಂನಲ್ಲಿ ಮಾತ್ರ. ಅಲ್ಲಿ ನಿಮ್ಮ ಗಾಡಿ ಇರುವುದೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಮಾಡುವವರೂ ಇದ್ದಾರೆ. ಮೈಲೇಜ್ ಆಸೆಗೆ ಮಾರುತಿ 800 ಕಾರ್ಬೊರೇಟರ್ ಕೂರಿಸುತ್ತಾರೆ. ಸುಲಭವಾಗಿ ಸಿಗುತ್ತದೆ, ಲೇತ್‌ನಲ್ಲಿ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸಿದರೆ ಕೂರುತ್ತದೆ, ಮೈಲೇಜೂ ಬರುತ್ತದೆ. ಆದರೆ ಆ ಕಾರ್ಬೊರೇಟರ್ ಮಾಡಿದ್ದು 796 ಸಿಸಿಗೆ. ಆ ಇಂಜಿನ್ 5000 ಆರ್‌ಪಿಎಂನಲ್ಲಿ ಎಳೆಯುವ ಗಾಳಿಯನ್ನು ನಿಮ್ಮ ಜೀಪ್ ಇಂಜಿನ್ 1800ರಲ್ಲೇ ಕೇಳುತ್ತದೆ. ಅಲ್ಲಿಂದ ಮೇಲೆ ಉಸಿರು ಕಟ್ಟುತ್ತದೆ. ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಖಾಲಿ ಗಾಡಿಯಲ್ಲಿ ಹೋಗಿ ಬರುವವರಿಗೆ ಗೊತ್ತೇ ಆಗಲ್ಲ. ಲೋಡ್ ಹಾಕಿ ಘಾಟಿ ಹತ್ತಿಸಿದಾಗ ಗೊತ್ತಾಗುತ್ತದೆ.

ಇದೇ ಲೆಕ್ಕದಲ್ಲಿ ಜಿಪ್ಸಿಯಂಥ 1300 ಸಿಸಿ ಇಂಜಿನ್ನಿನ ಕಾರ್ಬೊರೇಟರ್ ನೋಡಿ. ಆ ಇಂಜಿನ್ 6000 ಆರ್‌ಪಿಎಂನಲ್ಲಿ ಎಳೆಯುವ ಗಾಳಿ ಜೀಪ್ ಇಂಜಿನ್ನಿನ 3500ಕ್ಕೆ ಸಮ. ಜೀಪ್‌ಗೆ ಬೇಕಾದ್ದೂ ಅಷ್ಟೇ. ಮೇಲಾಗಿ ಅದು ಎರಡು ಬ್ಯಾರಲ್‌ನದು, ಅಂದರೆ ಗಾಳಿ ಹೋಗಲು ಎರಡು ಕೊಳವೆ. ಮೊದಲು ಸಣ್ಣ ಬ್ಯಾರಲ್ ಒಂದೇ ತೆರೆಯುತ್ತದೆ, ಗಾಳಿ ಕಮ್ಮಿ ಇದ್ದಾಗಲೂ ವೇಗ ಇರುತ್ತದೆ. ಬೇಕಾದಾಗ ಎರಡನೆಯದು ತೆರೆಯುತ್ತದೆ. ಬದಲಾಯಿಸಲೇಬೇಕು ಅಂದರೆ ನನ್ನ ಆಯ್ಕೆ ಇದು. ಆದರೆ ಹಳೆ ಸೋಲೆಕ್ಸ್‌ನ ಥ್ರಾಟಲ್ ಶಾಫ್ಟ್ (ಗಾಳಿಯ ಬಾಗಿಲು ತಿರುಗುವ ಸರಳು) ಸವೆದಿಲ್ಲ, ಬಾಡಿ ಬಿರುಕು ಬಿಟ್ಟಿಲ್ಲ ಅಂದರೆ ಒಂದು ರಿಪೇರಿ ಕಿಟ್ ಹಾಕಿ ಅದನ್ನೇ ಇಟ್ಟುಕೊಳ್ಳಿ. ಶಾಫ್ಟ್ ಅಲುಗಾಡಿದರೂ ಹೆದರಬೇಡಿ, ಬುಶ್ ಹಾಕಿಕೊಡುವ ಲೇತ್‌ನವರು ಇನ್ನೂ ಇದ್ದಾರೆ.

ಬದಲಾಯಿಸುವುದೇ ಆದರೆ ಕೆಲವು ವಿಷಯ ಮೊದಲೇ ನೋಡಿಕೊಳ್ಳಿ. ಹರಿಕೇನ್ ಇಂಜಿನ್ನಿನಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡ್ ಬೇರೆ ಇಲ್ಲ, ಸಿಲಿಂಡರ್ ಹೆಡ್‌ನಲ್ಲೇ ಎರಕ ಹೊಯ್ದಿರುತ್ತಾರೆ. ಅಂದರೆ ಕಾರ್ಬೊರೇಟರ್ ಕೂರುವುದು ಕಾದ ಹೆಡ್ ಮೇಲೆ. ಅಲ್ಯುಮಿನಿಯಂ ಅಡಾಪ್ಟರ್ ಪ್ಲೇಟ್ ಸೀದಾ ಹಾಕಿದರೆ ಆ ಶಾಖ ಪೂರ್ತಿ ಮೇಲೆ ಬರುತ್ತದೆ. ಏರು ಹತ್ತಿ ಬಂದು ಗಾಡಿ ನಿಲ್ಲಿಸಿದ ಮೇಲೆ ಫ್ಲೋಟ್ ಚೇಂಬರಿನ, ಅಂದರೆ ಕಾರ್ಬೊರೇಟರ್ ಒಳಗಿನ ಸಣ್ಣ ತೊಟ್ಟಿಯ, ಪೆಟ್ರೋಲ್ ಕುದಿದು ಒಳಗೆ ಸುರಿಯುತ್ತದೆ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಹಿಡಿಯಲ್ಲ. ಪ್ಲೇಟ್ ಜೊತೆ ಶಾಖ ತಡೆಯುವ ಒಂದು ಬೇಕಲೈಟ್ ಸ್ಪೇಸರ್ ಇರಲಿ, ಎರಡೂ ಕಡೆ ಗ್ಯಾಸ್ಕೆಟ್ ಇರಲಿ.

ಇನ್ನೊಂದು, ಫ್ಲೋಟ್ ಚೇಂಬರ್ ಯಾವ ಕಡೆ ಇದೆ ಅನ್ನೋದು. ಬಯಲುಸೀಮೆಯಲ್ಲಿ ಇದನ್ನು ಯಾರೂ ಕೇಳಲ್ಲ, ನಮ್ಮಲ್ಲಿ ಕೇಳಲೇಬೇಕು. ಚೇಂಬರ್ ಗಾಡಿಯ ಮುಂದಿನ ಕಡೆಗೆ ಇದ್ದರೆ ಏರು ಹತ್ತುವಾಗ ಅದು ಜೆಟ್‌ಗಿಂತ ಮೇಲಾಗುತ್ತದೆ, ಮಿಶ್ರಣ ಸ್ವಲ್ಪ ದಪ್ಪಗಾಗುತ್ತದೆ (ಪೆಟ್ರೋಲ್ ಪಾಲು ಹೆಚ್ಚುತ್ತದೆ), ಆದರೂ ಇಂಜಿನ್ ಎಳೆಯುತ್ತದೆ. ಹಿಂದಿನ ಕಡೆಗೆ ಇದ್ದರೆ ಚೇಂಬರ್ ಕೆಳಗೆ ಹೋಗಿ, ಪೆಟ್ರೋಲ್ ಬೇಕಾದ ಹೊತ್ತಿಗೆ ಜೆಟ್‌ಗೆ ಸಿಗದೆ ಹೋಗುತ್ತದೆ. ಅಡಾಪ್ಟರ್ ಮಾಡಿಸುವಾಗಲೇ ಇದನ್ನು ಲೇತ್‌ನವರಿಗೆ ಹೇಳಿ. ಲಿಂಕೇಜ್ ಸುಲಭವಾಗುತ್ತದೆ ಅಂತ ತಿರುಗಿಸಿ ಕೂರಿಸಿದರೆ ಮಾಂದಲಪಟ್ಟಿ ಬೆಟ್ಟದ ಕಡಿದಾದ ರಸ್ತೆಯಲ್ಲಿ ಪರದಾಡಬೇಕಾಗುತ್ತದೆ.

ಹಳೆಯ ಮೆಕ್ಯಾನಿಕಲ್ ಪಂಪ್ ಸಾಕು. ಅದರ ಒತ್ತಡ 3 ಪಿಎಸ್‌ಐ ಆಸುಪಾಸು, ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ತಡೆಯುವುದೂ ಅಷ್ಟನ್ನೇ. ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಪೆಟ್ರೋಲ್ ಎಲ್ಲ ಕಡೆಯಿಂದ ಉಕ್ಕುತ್ತದೆ, ಬೆಂಕಿಗೆ ದಾರಿ. ಮಾರುತಿ ಮಾದರಿಯ ಕೆಲವು ಕಾರ್ಬೊರೇಟರ್‌ಗಳಲ್ಲಿ ಐಡಲ್ (ಆಕ್ಸಿಲೇಟರ್ ಒತ್ತದೆ ಇಂಜಿನ್ ಓಡುವಾಗಿನ) ಪೆಟ್ರೋಲ್ ಕಟ್ ಮಾಡುವ ಸಣ್ಣ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್, ಇರುತ್ತದೆ. ಅದಕ್ಕೆ ಇಗ್ನಿಷನ್ ಸ್ವಿಚ್‌ನಿಂದ 12 ವೋಲ್ಟ್ ಕೊಡಬೇಕು. ವೈರ್ ಕೊಡದೆ, ಐಡಲ್‌ನಲ್ಲಿ ನಿಲ್ಲಲ್ಲ ಅಂತ ವಾರಗಟ್ಟಲೆ ಸ್ಕ್ರೂ ತಿರುಗಿಸುವವರನ್ನು ನೋಡಿದ್ದೇನೆ. ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತದಾ, ಬಿಟ್ಟಾಗ ಪೂರ್ತಿ ಮುಚ್ಚುತ್ತದಾ ನೋಡಿ. ರಿಟರ್ನ್ ಸ್ಪ್ರಿಂಗ್ ಎರಡು ಹಾಕಿ.

ಇನ್ನು ಟ್ಯೂನಿಂಗ್. ಕಾರ್ಬೊರೇಟರ್ ಸ್ಕ್ರೂ ಮುಟ್ಟುವುದು ಕೊನೆಯ ಕೆಲಸ. ಮೊದಲು ಟಪೆಟ್ (ವಾಲ್ವ್ ಸಂದು), ಸಿಬಿ ಪಾಯಿಂಟ್ (ಕಿಡಿ ಹುಟ್ಟಿಸುವ ಸ್ವಿಚ್), ಪ್ಲಗ್, ಟೈಮಿಂಗ್ (ಕಿಡಿ ಬೀಳುವ ಹೊತ್ತು). ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್, ಪ್ಲಗ್ ಗ್ಯಾಪ್ ಮುಕ್ಕಾಲು. ಫ್ಲೋಟ್ ಮಟ್ಟ ಕಿಟ್‌ನಲ್ಲಿ ಹೇಳಿದ ಹಾಗೆ. ಆಮೇಲೆ ಗಾಳಿ ಕದಿಯುವ ಜಾಗಗಳು: ಬುಡದ ಗ್ಯಾಸ್ಕೆಟ್, ಥ್ರಾಟಲ್ ಶಾಫ್ಟ್, ವೈಪರ್‌ಗೆ ಹೋಗುವ ಹಳೆ ವ್ಯಾಕ್ಯೂಮ್ ಪೈಪ್, ಕ್ರ್ಯಾಂಕ್‌ಕೇಸ್‌ನಿಂದ ಹೊಗೆ ಎಳೆಯುವ ಪಿಸಿವಿ ವಾಲ್ವ್. ಈ ಕೊನೆಯದನ್ನು ಯಾರೂ ನೋಡಲ್ಲ. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಯಾವ ಕಾರ್ಬೊರೇಟರ್ ಹಾಕಿದರೂ ಐಡಲ್ ಕುಣಿಯುತ್ತದೆ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಚೋಕ್ ಪೂರ್ತಿ ಒಳಗೆ ತಳ್ಳಿ, ಮಿಕ್ಸ್ಚರ್ ಸ್ಕ್ರೂವನ್ನು ಒಂದೂವರೆ ಸುತ್ತು ಹೊರಗಿಟ್ಟು ಶುರು ಮಾಡಿ. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಐಡಲ್ ಅತಿ ಹೆಚ್ಚಾಗುವ ಜಾಗ ಹುಡುಕಿ. ಸ್ಪೀಡ್ ಸ್ಕ್ರೂನಿಂದ ಐಡಲ್ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಕಿವಿ ಸಾಕು ಅನ್ನುವ ಹಳೆ ಮೇಸ್ತ್ರಿಗಳಿದ್ದಾರೆ, ಅವರ ಕಿವಿ ನಿಜಕ್ಕೂ ಸಾಕು. ಮಿಕ್ಕವರು ಇಂಜಿನ್ ಹೀರುವ ಬಲ ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಗೇಜ್ ಓದುವಾಗ ಮಡಿಕೇರಿಯವರು ಮೋಸ ಹೋಗುತ್ತಾರೆ. ಒಳ್ಳೆ ಇಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕ) ತೋರಿಸಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ಅದು ಸಮುದ್ರ ಮಟ್ಟದ ಮಾತು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆ ಆಗುತ್ತದೆ. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ, ಹತ್ತಿರ ಹತ್ತಿರ 3800 ಅಡಿ. ಇಲ್ಲಿ 15 ಬಂದರೂ ಇಂಜಿನ್ ಆರೋಗ್ಯವಾಗೇ ಇದೆ. ಸುಮ್ನೆ ಹೆಡ್ ಬಿಚ್ಚಬೇಡಿ.

ಹೊಗೆ ತಪಾಸಣೆ ಕೇಂದ್ರದ ಮೆಷಿನ್ ಕೂಡ ಒಳ್ಳೆ ಸಾಧನ. ಹೊಗೆಯ ನಿಯಮ ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ನಾಲ್ಕು ಚಕ್ರದ ಗಾಡಿಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 3 ಶೇಕಡಾ. ಮೆಷಿನ್ ಹಾಕಿಸಿಕೊಂಡೇ ಸ್ಕ್ರೂ ತಿರುಗಿಸಿ 2ರ ಆಸುಪಾಸಿಗೆ ತಂದರೆ ಸರ್ಟಿಫಿಕೇಟೂ ಸಿಗುತ್ತದೆ, ಸೆಟ್ಟಿಂಗೂ ಆಗುತ್ತದೆ. ಪರಿಚಯದವರಿದ್ದರೆ ಎರಡು ನಿಮಿಷ ಜಾಸ್ತಿ ಬಿಡುತ್ತಾರೆ.

ಗಾಡಿ ಎಳೆಯುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಎರಡು ಸಂಗತಿ ಎದುರುಬದುರಾಗಿ ಕೆಲಸ ಮಾಡುತ್ತವೆ.

ಒಂದು, ಎತ್ತರ. ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು 10 ಶೇಕಡಾ ಕಡಿಮೆ. ಇದರಿಂದ ಇಂಜಿನ್ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆ ಆಗುತ್ತದೆ, ಯಾವ ಕಾರ್ಬೊರೇಟರೂ ಅದನ್ನು ವಾಪಸ್ ಕೊಡಲ್ಲ. ಅದರ ಜೊತೆಗೆ, ಕಾರ್ಬೊರೇಟರ್ ಗಾಳಿ ತೂಗುವುದಿಲ್ಲವಾದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಸುಮಾರು 5 ಶೇಕಡಾ ಜಾಸ್ತಿ ಆಗುತ್ತದೆ.

ಎರಡು, ಎಥನಾಲ್. ಒಂದು ಕಿಲೋ ಬರೀ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು. ಈಗ ಬಂಕ್‌ನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆಸಿದ ಇ20ಗೆ ಸುಮಾರು 13.5. ಅಂದರೆ ಹಳೆ ಪೆಟ್ರೋಲ್‌ಗೆ ಅಂತ ಕೊರೆದ ಜೆಟ್‌ನಲ್ಲಿ ಈ ಪೆಟ್ರೋಲ್ ಹರಿದರೆ ಮಿಶ್ರಣ 7-8 ಶೇಕಡಾ ತೆಳ್ಳಗಾಗುತ್ತದೆ, ಅಂದರೆ ಬೇಕಾದಷ್ಟು ಪೆಟ್ರೋಲ್ ಸಿಗುವುದಿಲ್ಲ.

ಮಡಿಕೇರಿಯಲ್ಲಿ ಇವೆರಡೂ ಒಂದನ್ನೊಂದು ಬಹುಪಾಲು ಹೊಡೆದುಹಾಕುತ್ತವೆ. ಹಾಗಾಗಿ ಕಂಪನಿ ಕೊಟ್ಟ ಜೆಟ್ ಇಲ್ಲಿ ಇನ್ನೂ ಸರಿಯಾಗೇ ಇರುತ್ತದೆ. ಬದಲಾಯಿಸಿದರೂ ಒಂದು ಮೆಟ್ಟಿಲು, ಅಷ್ಟೇ. ಸೋಲೆಕ್ಸ್ ಮೇನ್ ಜೆಟ್‌ನ ಸಂಖ್ಯೆ ಅಂದರೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 120 ಅಂದರೆ 1.20 ಮಿಲಿಮೀಟರ್. ಅದನ್ನು 125 ಮಾಡಿದರೆ ವ್ಯಾಸ 4 ಶೇಕಡಾ ಹೆಚ್ಚುತ್ತದೆ, ರಂಧ್ರದ ವಿಸ್ತಾರ 8 ಶೇಕಡಾ. ಅದೇ ಗಾಡಿ ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲೇ ಇರುವುದಾದರೆ ಎತ್ತರದ ಸಹಾಯ ಇಲ್ಲ, ಎಥನಾಲ್‌ನ ತೆಳುತನ ಪೂರ್ತಿ ಉಳಿಯುತ್ತದೆ. ಅಲ್ಲಿ 125 ಬೇಕಾಗಬಹುದು. ಗಾಡಿ ಎಲ್ಲಿ ದುಡಿಯುತ್ತದೋ ಅಲ್ಲೇ ಟ್ಯೂನ್ ಮಾಡಿಸಿ ಅಂತ ನಾನು ಹೇಳುವುದು ಇದಕ್ಕೇ. ಮಂಗಳೂರಿನಲ್ಲಿ ಮಾಡಿಸಿ ತಂದ ಸೆಟ್ಟಿಂಗ್ ಇಲ್ಲಿ ಕಪ್ಪು ಹೊಗೆ ಬಿಟ್ಟರೆ ಅಲ್ಲಿನ ಮೆಕ್ಯಾನಿಕ್‌ನದ್ದು ತಪ್ಪಲ್ಲ.

ಪರೀಕ್ಷೆಗೆ ಏರು ರಸ್ತೆಯೇ ಬೇಕು. ಲೋಡ್ ಹಾಕಿ, ಮುಕ್ಕಾಲು ಥ್ರಾಟಲ್‌ನಲ್ಲಿ ಹತ್ತಿಸಿ. ವಾಹನ ಇಲ್ಲದ ಕಡೆ ಕ್ಲಚ್ ಒತ್ತಿ, ಇಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಹಿಂದೆ ಸೀಸ ಇದ್ದ ಪೆಟ್ರೋಲ್ ಕಾಲದ ಕಾಫಿ ಬಣ್ಣವನ್ನು ಈಗ ಹುಡುಕಬೇಡಿ. ಇ20ಯಲ್ಲಿ ಪ್ಲಗ್ ಮಸುಕಾಗೇ ಕಾಣುತ್ತದೆ. ಬಿಳಿ ಪಿಂಗಾಣಿಯ ಬುಡದಲ್ಲಿ ತೆಳ್ಳಗೆ ಒಂದು ಬೂದು ಉಂಗುರ ಇದ್ದರೆ ಸರಿ. ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗಿ, ಏರಿನಲ್ಲಿ ಟಿಕ್ ಟಿಕ್ ಅಂತ ಇಂಜಿನ್ ಹೊಡೆಯುತ್ತಿದ್ದರೆ ತೆಳ್ಳಗಾಗಿದೆ, ಜೆಟ್ ಒಂದು ಮೆಟ್ಟಿಲು ಹೆಚ್ಚಿಸಿ. ಎಕ್ಸಾಸ್ಟ್ ವಾಲ್ವ್ ಸುಡುವುದು ಹೀಗೇ.

ಜೆಟ್‌ಗೆ ತಂತಿ ಹಾಕಿ ಚುಚ್ಚುವ ಅಭ್ಯಾಸ ಇದ್ದರೆ ಬಿಡಿ. ಹಿತ್ತಾಳೆ ಮೆತ್ತಗಿರುತ್ತದೆ, 120 ಇದ್ದದ್ದು ಎಷ್ಟಾಯಿತು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ. ಕ್ಲೀನರ್ ಸ್ಪ್ರೇ, ಗಾಳಿ, ಇಷ್ಟೇ ಸಾಕು.

ಎಥನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಪಂಪ್ ಡಯಾಫ್ರಮ್ ಮತ್ತು ಹೋಸ್‌ಗಳನ್ನು ಇ20 ತಡೆಯುವಂಥದ್ದಕ್ಕೆ ಬದಲಾಯಿಸಿ. ಇಂಜೆಕ್ಷನ್ ಗಾಡಿಗಳಿಗೆ ಬರುವ ಹೋಸ್ ಸ್ವಲ್ಪ ದುಬಾರಿ, ಆದರೆ ಬಾಳುತ್ತದೆ. ವರ್ಷಗಟ್ಟಲೆ ನಿಂತ ಟ್ಯಾಂಕ್‌ನ ತುಕ್ಕು, ಅಂಟು ಎಲ್ಲ ಹೊಸ ಪೆಟ್ರೋಲ್‌ಗೆ ಕಳಚಿಕೊಂಡು ಬರುತ್ತದೆ. ಪಂಪ್‌ಗಿಂತ ಮೊದಲು ಪಾರದರ್ಶಕ ಫಿಲ್ಟರ್ ಹಾಕಿ, ಮೊದಲ ತಿಂಗಳು ಆಗಾಗ ನೋಡುತ್ತಿರಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರಿಗೆ ಒಂದು ಮಾತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಥಂಡಿಯಲ್ಲಿ ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗೆ ನೀರು ಕಟ್ಟಿ, ಕೊನೆಗೆ ನೀರೂ ಎಥನಾಲೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರ್ ಮೊದಲು ಹೀರುವುದು ಆ ತಳದ್ದನ್ನೇ. ಫ್ಲೋಟ್ ಚೇಂಬರಿನಲ್ಲಿ ಬಿಳಿ ಪುಡಿ ಕಂಡರೆ ಅದು ಸತುವಿನ ಬಾಡಿ ತಿಂದು ಹೋದ ಗುರುತು. ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ. ಪೆಟ್ರೋಲ್ ಪೈಪ್ ಬಿಚ್ಚಿ ಪೈಪಿನ ಬಾಯಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಚೇಂಬರ್ ಖಾಲಿ ಮಾಡಿ. ಆಯಿಲ್ ಬಾತ್ ಏರ್ ಕ್ಲೀನರ್ (ಎಣ್ಣೆಯಲ್ಲಿ ಗಾಳಿಯ ಧೂಳು ಹಿಡಿಯುವಂಥದ್ದು) ಇದ್ದರೆ ಅದರ ಎಣ್ಣೆ ಕೂಡ ಆಗಲೇ ಬದಲಾಯಿಸಿ, ಗುರುತಿನ ಮಟ್ಟಕ್ಕಿಂತ ಮೇಲೆ ಹಾಕಬೇಡಿ. ಜಾಸ್ತಿ ಹಾಕಿದರೆ ಎಣ್ಣೆ ಕಾರ್ಬೊರೇಟರ್ ಒಳಗೆ ಹೋಗುತ್ತದೆ.